ಟೆರೇಸಿನ ಎರಡನೆಯ ಕುರ್ಚಿ

ಮಲ್ಲತ್ತಹಳ್ಳಿ
೧೭ ಜುಲೈ ೨೦೨೪

ಪ್ರೀತಿಯ ತಂಗಿ ಲತಾಳಿಗೆ ನಿನ್ನ ಕುಸುಮಕ್ಕ ಮಾಡುವ ಆಶೀರ್ವಾದಗಳು.

ನಿನ್ನ ಕಜ್ಜಾಯದ ಡಬ್ಬಿ ತಿಂಗಳಿಂದ ಇಲ್ಲೇ ಕೂತಿದೆ, ಬೇಜಾರು ಮಾಡಿಕೊಳ್ಳಬೇಡ. ಈಗ ಅದರೊಳಗೇ ಈ ಕಾಗದ ಇಟ್ಟು ಕಳಿಸುತ್ತಿದ್ದೇನೆ. ಫೋನಿನಲ್ಲಿ ಮಾತಾಡಿದರೆ ನಿನ್ನ ಭಾವ ಪೇಪರ್ ಓದುವ ನೆಪದಲ್ಲಿ ಇತ್ತಲೇ ಕಿವಿ ಇಟ್ಟಿರುತ್ತಾರೆ.

ವಿಷಯ ಮೇಲಿನ ಮನೆಯ ಬಾಡಿಗೆಯವಳದು. ಎಸ್ತರ್ ಅಂತ ಹೆಸರು, ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್, ಒಂಟಿ ಹೆಂಗಸು. ತಗ್ಗಿಸಿದ ತಲೆ ಎತ್ತದೆ ಹೋಗಿ ಬರುತ್ತಾಳೆ. ಅಷ್ಟೊಂದು ಒಳ್ಳೆಯವರನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ, ನಿನಗೇ ಗೊತ್ತು. ಬಂದ ವಾರದಲ್ಲೇ, ಗೋಡೆ ಬೀರುವಿನ ಒಳಗೆ ಗೀಚಿದ್ದ ಹೆಸರು ನೋಡಿ, "ಕಲಾ ಯಾರು ಆಂಟಿ?" ಅಂದಳು. "ಯಾರೂ ಇಲ್ಲ, ಒರೆಸಿ ಹಾಕು" ಅಂದೆ. ಬಾಡಿಗೆಗೆ ಬಂದವಳಿಗೆ ಯಾಕಮ್ಮ ಮನೆಯವರ ಉಸಾಬರಿ?

ಆಮೇಲೆ ಶುರುವಾಯಿತು ನೋಡು. ಹಾಲಿನವನು ಬರುವ ಮೊದಲೇ ಟೆರೇಸಿಗೆ ಹೋಗುತ್ತಾಳೆ. ಕುರ್ಚಿ ಎಳೆಯುವ ಸದ್ದು ಕೇಳುತ್ತದೆ, ಒಂದಲ್ಲ, ಎರಡು. ಆಮೇಲೆ ಪಿಸುಪಿಸು ಮಾತು, ನಡುನಡುವೆ ನಗು. ನಮ್ಮ ಮೋಟಾರ್ ಕೆಟ್ಟಿದ್ದು, ನಿನ್ನ ಭಾವನ ಮಂಡಿನೋವು, ಎಲ್ಲವನ್ನೂ ಯಾರಿಗೋ ವರದಿ ಒಪ್ಪಿಸುವುದು ಮೆಟ್ಟಿಲ ಮೇಲೆ ನಿಂತಿದ್ದ ನನಗೆ ಕೇಳಿಸಿತು. ನಮ್ಮವರಿಗೆ ಹೇಳಿದೆ. "ಯಾವನೋ ಬರ್ತಾವ್ನೆ ಕಣೇ. ಮೊದ್ಲು ಖಾಲಿ ಮಾಡ್ಸು" ಅಂದರು. ಖಾಲಿ ಮಾಡೆಂದು ಹೇಳಿಯೂ ಬಿಟ್ಟೆ. ಅವಳು ಕಾರಣ ಕೇಳಲಿಲ್ಲ, "ಸರಿ ಆಂಟಿ" ಅಂದಳು. ತಪ್ಪಿಲ್ಲದವಳಾಗಿದ್ದರೆ ಜಗಳಕ್ಕೆ ಬರುತ್ತಿರಲಿಲ್ಲವೇ?

ನಿನ್ನೆ ಕೈಯಾರೆ ಹಿಡಿಯಬೇಕೆಂದು ಟೆರೇಸಿಗೇ ಹೋದೆ. ಒಬ್ಬಳೇ ಕೂತಿದ್ದಳು. ಕೈಯಲ್ಲಿ ಫೋನೂ ಇಲ್ಲ. ಎದುರಿನ ಕುರ್ಚಿ ಖಾಲಿ.

"ಯಾರ ಹತ್ರನೇ ಮಾತಾಡ್ತಿದ್ದೆ?"

"ಯೇಸಪ್ಪನ ಹತ್ರ ಆಂಟಿ. ಎದ್ರಿಗೆ ಅವ್ನಿಗೂ ಒಂದು ಕುರ್ಚಿ ಹಾಕಿದ್ರೆ ನಂಗೆ ಮನ್ಸು ಅಲ್ಲಿ ಇಲ್ಲಿ ಓಡಲ್ಲ. ಭಾನುವಾರ ಚರ್ಚ್‌ಗೆ ಹೋದ್ರೆ ಸಾಲ್ದು. ದಿನಾ ಮಾತಾಡ್ದಿದ್ರೆ ದೂರ ಆಗ್ಬಿಡ್ತೀವಿ. ಮನೇವ್ರ ಹತ್ರ ಮಾತು ಬಿಟ್ರೆ ಆಗಲ್ವಾ, ಹಂಗೆ."

ದೇವರಿಗೆ ಯಾರಾದರೂ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೇನೇ? ನಾವು ದೀಪ ಹಚ್ಚುತ್ತೇವೆ, ಕೈ ಮುಗಿಯುತ್ತೇವೆ, ಎದ್ದು ಬರುತ್ತೇವೆ. ಕೂತು ಮೋಟಾರಿನ ಸುದ್ದಿ ಹೇಳುತ್ತೇವೆಯೇ? ನಾನು ನಂಬಲಿಲ್ಲ. ಇವತ್ತೂ ಹೋಗಿ ಮೆಟ್ಟಿಲ ಮೇಲೆ ನಿಂತೆ.

ಇರಲಿ ಬಿಡು. ಭಾನುವಾರ ಮನೆ ಖಾಲಿ ಮಾಡಿಕೊಂಡು ಹೋಗುತ್ತಾಳೆ. ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಕುಸುಮಾ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಇವತ್ತು ಅವಳು ಆ ಖಾಲಿ ಕುರ್ಚಿಗೆ ಹೇಳುತ್ತಿದ್ದಳು: "ಯೇಸಪ್ಪಾ, ಕಲಾ ಯಾರು ಅಂತ ನಂಗೆ ಇನ್ನೂ ಗೊತ್ತಿಲ್ಲ. ಒರೆಸಿ ಹಾಕು ಅಂದ್ಬಿಟ್ಟು ಆಂಟಿ ಆ ಹೆಸ್ರನ್ನೇ ನೋಡ್ತಾ ನಿಂತ್ಬಿಟ್ರು. ದಿನಾ ಕೇಳ್ತಿದೀನಿ, ಅವ್ಳು ಎಲ್ಲೇ ಇರ್ಲಿ, ನೀನೇ ನೋಡ್ಕೋ."

ನನ್ನ ಮಗಳು ತಾನು ಮೆಚ್ಚಿದವನನ್ನು ಕಟ್ಟಿಕೊಂಡು ಹೋದ ದಿನ, ಅವಳ ಹೆಸರು ಈ ಮನೆಯಲ್ಲಿ ಎತ್ತಬಾರದು ಎಂದರು ನಿನ್ನ ಭಾವ. ನಾನು ಎತ್ತಲಿಲ್ಲ. ದೇವರ ಮುಂದೆಯೂ ಎತ್ತಲಿಲ್ಲ ಕಣೇ. ಕಲಾಳಿಗೆಂದೇ ಕಟ್ಟಿಸಿದ ಆ ಮೇಲಿನ ಮನೆಯಲ್ಲಿ ಅವಳ ಹೆಸರು ಹೇಳುತ್ತಿದ್ದವಳು ಇವಳೊಬ್ಬಳೇ. ಅವಳನ್ನೂ ನಾನೇ ಹೊರಗೆ ಹಾಕುತ್ತಿದ್ದೇನೆ.

ಲತಾ, ಕಲಾಳ ನಂಬರ್ ನಿನ್ನ ಹತ್ತಿರ ಇದೆ ಎಂದು ನನಗೆ ಯಾವತ್ತಿನಿಂದಲೋ ಅನುಮಾನ. ಇಲ್ಲವೆಂದು ಸುಳ್ಳು ಹೇಳಬೇಡ. ಇದೇ ಡಬ್ಬಿಯಲ್ಲಿ ಬರೆದು ಕಳಿಸು.