ನಾನು ಓದದ ಅರ್ಜಿ

ಲಿಂಗಸುಗೂರು
ಸೋಮವಾರ, 13 ಫೆಬ್ರವರಿ 1950

ಮತ್ತೆ ಸೋಮವಾರ. ಬೆಳಿಗ್ಗೆಯಿಂದ ಒಲೆಯ ಮುಂದೆ. ಮೂರು ಹೋಳಿಗೆ ಹರಿದವು! ಕರಿಬಸಯ್ಯನವರು ಪ್ರಸಾದಕ್ಕೆ ಬರುವ ದಿನ. ವಾರವಿಡೀ ತಹಶೀಲ್ ಕಚೇರಿಯ ಮುಂದೆ, ಬೇವಿನ ಗಿಡದ ಕೆಳಗೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಾರೆ. ಸೋಮವಾರ ಮಾತ್ರ ನಮ್ಮನೆಯ ಅಯ್ಯನವರು. ಪಾದ ತೊಳೆದು ನಮಸ್ಕರಿಸಿದೆ. ನಾಲ್ಕು ಹೋಳಿಗೆ ತಿಂದರು.

"ಬಳ್ಳಾರಿ ಕೈ ಭಾಳ ರುಚಿ ಐತಿ, ತಾಯಿ."

ನನ್ನವರು ಮಾತ್ರ ಒಂದು ತುತ್ತೂ ಮುಟ್ಟಲಿಲ್ಲ. ಸೋಮವಾರ ಉಪವಾಸವಂತೆ. ನಮ್ಮ ಮದುವೆಯೂ ಸೋಮವಾರವೇ. ಅವತ್ತು ಆರು ಲಾಡು ತಿಂದವರು!

ಅವರ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಇಲ್ಲಿ ಬರೆಯಬಹುದಲ್ಲ? ಮರಿಸ್ವಾಮಿ. ಮರಿಸ್ವಾಮಿ. ಮರಿಸ್ವಾಮಿ. ಕಚೇರಿಯ ಗುಮಾಸ್ತ, ಮೂಗಿನ ಮೇಲೆ ಪುಟ್ಟ ಮಚ್ಚೆ. ಡಿವೈನ್!

ಶನಿವಾರ, 18

ಪ್ರತಿ ಶುಕ್ರವಾರ ಮಸ್ಕಿಗೆ ಹೋಗುತ್ತಾರೆ. "ಕೆಲಸ" ಅನ್ನುತ್ತಾರೆ, ಅಷ್ಟೇ. ನಿನ್ನೆ ಬಂದಾಗ ಬೆರಳಲ್ಲಿ ಉಂಗುರವಿಲ್ಲ. ನಮ್ಮಪ್ಪ ಮದುವೆಯಲ್ಲಿ ಹಾಕಿದ ಉಂಗುರ!

"ಹಳ್ಳದಾಗ ಕೈ ತೊಳಿಯೂವಾಗ ಜಾರಿ ಬಿತ್ತು."

ಆ ಹಳ್ಳವನ್ನು ಬಸ್ಸಿನಿಂದ ನಾನೇ ನೋಡಿದ್ದೇನೆ. ಬರೀ ಉಸುಕು.

ಯಾರಿಗೂ ಹೇಳಿಲ್ಲ. ಅಮ್ಮನಿಗೂ ಬರೆದಿಲ್ಲ.

ಭಾನುವಾರ, 19

ಶೇರ್ವಾನಿಯ ಜೇಬಿನಲ್ಲಿ ಕಾಗದ. ಉರ್ದುವಿನಲ್ಲಿ!

ಬಳ್ಳಾರಿಯ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿದರು, ಪಿಯಾನೋ ಕಲಿಸಿದರು, ಲೇಸ್ ಹೆಣೆಯುವುದನ್ನೂ ಕಲಿಸಿದರು. ಇದೊಂದು ಕಲಿಸಲಿಲ್ಲ. ನಿಜಾಮರ ಸೀಮೆಯ ಇವರಿಗೋ ಓದು ಬರಹವೆಲ್ಲ ಅದರಲ್ಲೇ.

ಎಂಥ ಅಕ್ಷರ! ಬಳುಕುತ್ತ, ಒಂದರ ಹೆಗಲ ಮೇಲೊಂದು ಒರಗಿ... ಗಂಡಸರು ಹೀಗೆ ಬರೆಯುತ್ತಾರೆಯೇ? ನನ್ನ ಅಕ್ಷರ ನೋಡಿಕೊಂಡೆ. ಸಾಲಾಗಿ ನಿಂತ ಕಾನ್ವೆಂಟ್ ಹುಡುಗಿಯರ ಹಾಗಿದೆ. ಅಳು ಬಂತು.

ಸೋಮವಾರ, 20

ಅಯ್ಯನವರ ಊಟವಾದ ಮೇಲೆ ಇವರು ಕಚೇರಿಗೆ ಹೋದರು. ಅಯ್ಯನವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ತಡೆಯಲಾಗಲಿಲ್ಲ. ಕಾಗದ ತಂದು ಮುಂದಿಟ್ಟೆ.

ಬಹಳ ಹೊತ್ತು ನೋಡಿದರು. ಚಷ್ಮಾ ಒರೆಸಿಕೊಂಡರು.

"ಓದಲೇನವಾ? ಆಮ್ಯಾಲೆ ನನ್ನ ಬಯ್ಯಬ್ಯಾಡ."

"ಓದ್ರಿ."

"'ಶುಕ್ರವಾರ ದಾರಿ ಕಾಯ್ತೀನಿ. ನೀ ಕೊಟ್ಟ ಉಂಗುರ ಬೆರಳಿಗೆ ಸರಿಯಾಗಿ ಕುಂತೈತಿ.' ಕೆಳಗ ದಾವಲ್‌ಬೀ ಅಂತ ಐತಿ. ಸಿಂಧನೂರಾಕಿ ಇರಬೇಕು. ಮಸ್ಕಿಗೆ ಬರ್ತಾಳ."

ಉಂಗುರ! ಇನ್ನೇನು ಅನುಮಾನ? ಅವಳ ಬೆರಳು ಹೇಗಿರಬಹುದು? ಉದ್ದವೇ? ಮೆಹೆಂದಿ ಹಾಕಿದ್ದಾಳೆಯೇ?

"ಅಳಬ್ಯಾಡ ತಾಯಿ. ತಹಶೀಲ್ದಾರರಿಗೆ ಒಂದು ಅರ್ಜಿ ಕೊಡೂಣು. ಆಕೀನ್ನ ಊರ ಬಿಡಸ್ತಾರ. ನಿಮ್ಮ ಸಾಹೇಬರ ಹೆಸರು ಬರಂಗಿಲ್ಲ."

ಅಲ್ಲೇ ಕೂತು ಬರೆದರು. ಸರಕಾರಿ ಕಾಗದ ಉರ್ದುವಿನಲ್ಲೇ ಇರಬೇಕಂತೆ. ಕೆಳಗೆ ಇಂಗ್ಲಿಷಿನಲ್ಲಿ ಸಹಿ ಮಾಡಿದೆ. ಶೇಖರಮ್ಮ, ಕೊನೆಗೆ ಎರಡು ಸುತ್ತು. ಕಾಗದದ ಮಸಿಯೆಲ್ಲ ಇನ್ನೂ ಹಸಿಯಿತ್ತು. ಈ ಡೈರಿಯಲ್ಲಿದ್ದ ಗುಲಾಬಿ ಬ್ಲಾಟಿಂಗ್ ಪೇಪರ್ ಒತ್ತಿದೆ.

"ಮುತ್ತಿನಂಥಾ ಸಹಿ" ಅಂದರು. ಅರ್ಜಿಯ ಜೊತೆ ಜೇಬಿನಲ್ಲಿ ಸಿಕ್ಕ ಕಾಗದವನ್ನೂ ಒಯ್ದರು. ಪುರಾವೆಗೆ ಬೇಕಂತೆ.

ಭಾನುವಾರ, 12 ಮಾರ್ಚ್

ಮೂರು ಶುಕ್ರವಾರ ಕಳೆದವು. ಮೂರೂ ಸಲ ಮಸ್ಕಿ! ಮೂರೂ ಸಲ ಜೋಳದ ಚೀಲ ಹೊತ್ತುಕೊಂಡು. ಅವಳು ರೊಟ್ಟಿಯನ್ನೂ ಬಡಿದುಕೊಡುತ್ತಾಳೋ ಏನೋ... ನನ್ನ ರೊಟ್ಟಿ ಇನ್ನೂ ಗುಂಡಗಾಗುವುದಿಲ್ಲ.

ಇವತ್ತಿನಿಂದ ಉರ್ದು ಕಲಿಯುತ್ತೇನೆ. ಪಕ್ಕದ ಮನೆಯ ಮಹಮ್ಮದಸಾಬ ಮೇಷ್ಟ್ರು ಹೇಳಿಕೊಡುತ್ತಾರೆ. ಇವರಿಗೆ ಸರ್‌ಪ್ರೈಸ್ ಕೊಡಬೇಕು ಅಂದೆ. ಸುಳ್ಳಲ್ಲ. ಅವಳ ಮುಂದಿನ ಕಾಗದ ನಾನೇ ಓದುತ್ತೇನೆ. ಅಲಿಫ್. ಬೇ. ಪೇ.

ಭಾನುವಾರ, 26, ಮಧ್ಯಾಹ್ನ

ಜೇಬಿನಲ್ಲಿ ಈ ಸಲ ಒಂದು ಲಕೋಟೆ. ಖಾಲಿ. ಮೇಲಿನ ಬರಹ ಅದೇ, ಬಳುಕುವ ಅಕ್ಷರ. ಮೇಷ್ಟ್ರ ಹತ್ತಿರ ಓಡಿದೆ.

"ಹೆಂಗಸರು ಎಷ್ಟು ಚೆಂದ ಬರೀತಾರಲ್ಲ, ಮೇಷ್ಟ್ರೇ?"

ಕೆಮ್ಮು ಬರುವ ತನಕ ನಕ್ಕರು. "ತೋಬಾ, ತೋಬಾ! ಹೆಂಗಸರದೇನವಾ ಇದು? ಇದಕ್ಕ ಶಿಕಸ್ತ ಅಂತಾರ. ಕಚೇರಿ ಬರಹ. ದಿನಕ್ಕ ಐವತ್ತು ಅರ್ಜಿ ಗೀಚೋ ಕೈ. ನಿಮ್ಮ ಮನಿಗೆ ಉಣ್ಣಾಕ ಬರ್ತಾನಲ್ಲ, ಕರಿಬಸಯ್ಯ, ಅವನ ಅಕ್ಷರ."

ಉಂಗುರದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅಯ್ಯನಿಗೆ ಹೇಗೆ ಗೊತ್ತು?

ಅದೇ ದಿನ, ಸಂಜೆ

ಇವರು ಟೋಪಿ ತೆಗೆಯುವ ಮುಂಚೆಯೇ ಕೇಳಿಬಿಟ್ಟೆ. "ದಾವಲ್‌ಬೀ ಯಾರ್ರೀ?"

"ಯಾವ ದಾವಲ್‌ಬೀ?"

ಲಕೋಟೆ ಎಸೆದೆ. ಅದನ್ನು ನೋಡಿ ಹಾಗೆಯೇ ನೆಲದ ಮೇಲೆ ಕೂತರು. ಎಲ್ಲ ಹೇಳಿದರು.

ಎರಡು ವರ್ಷದ ಹಿಂದೆ, ರಜಾಕಾರರ ಗಲಾಟೆಯಲ್ಲಿ, ಠಾಣೆಯ ಅಮೀನ ನಮ್ಮ ಮಾವನವರನ್ನು ಕೂಡಿಹಾಕಿದ್ದನಂತೆ. ನಿಜಾಮರ ವಿರುದ್ಧ ಹೋರಾಡಲು ಗಡಿಯಾಚೆಯ ಕ್ಯಾಂಪಿಗೆ ಹೋದವರ ಹೆಸರು ಹೇಳಿದರೆ ಬಿಡುತ್ತೇನೆ ಅಂದನಂತೆ. ಇವರು ಒಂಬತ್ತು ಹೆಸರು ಹೇಳಿದರು. ಠಾಣೆಯಲ್ಲಿ ಬರೆದುಕೊಂಡವನು ಕರಿಬಸಯ್ಯ. ತಾಯಿಯನ್ನು ನೋಡಲು ಬಂದ ಮಸ್ಕಿಯ ದ್ಯಾವಪ್ಪ ಸಿಕ್ಕಿಬಿದ್ದ. ಕಾಲು ಮುರಿದರು. ಶುಕ್ರವಾರದ ಜೋಳ ಅವನ ಮನೆಗೆ. ಹೆಸರು ಹೇಳಿದ್ದು ಯಾರೆಂದು ಅವನಿಗೆ ಇಂದಿಗೂ ಗೊತ್ತಿಲ್ಲ. ಆ ಹೆಸರುಗಳ ಯಾದಿ ಈಗ ಅಯ್ಯನ ಪೆಟ್ಟಿಗೆಯಲ್ಲಿದೆ. ಅದನ್ನು ತೋರಿಸಿಬಿಡುತ್ತೇನೆಂದು ಕಾಗದ ಬರೆದು ಹೆದರಿಸಿ ರೊಕ್ಕ ಕೇಳುತ್ತಾನಂತೆ. ಉಂಗುರ ಹೋದದ್ದೂ ಅಯ್ಯನ ಕೈಗೇ.

ದೇವರು ಕ್ಷಮಿಸಲಿ, ನನಗೆ ಮೊದಲು ಅನ್ನಿಸಿದ್ದು ಸಂತೋಷ. ಅವಳು ಇಲ್ಲ! ಇಲ್ಲವೇ ಇಲ್ಲ! ಮೂಗಿನ ಮಚ್ಚೆಗೆ ಮುತ್ತು ಕೊಟ್ಟೆ.

"ನಿನಗ ತಿಳಿದರ ತವರಿಗೆ ಹೋಗಿಬಿಡ್ತಿ ಅಂತ ಹೆದರಿದ್ದೆ. ಬರೇ ಅದಕ್ಕ ಅವ ಕೇಳಿದ್ದು ಕೊಡಾಕತ್ತಿದ್ದೆ."

"ಎಲ್ಲಿಗೆ ಹೋಗಲ್ರೀ ನಾ?"

ಆಗ ನಕ್ಕರು. ಎಷ್ಟು ದಿನವಾಗಿತ್ತು! "ಹಂಗಾದ್ರ ನಾಳೆ ಅವ ಬರಲಿ, ಹೊಸ್ತಿಲದಾಗಿಂದನ ಅಟ್ಟತೀನಿ. ದ್ಯಾವಪ್ಪಗ ನಾನ ಹೋಗಿ ಹೇಳ್ತೀನಿ. ಅಯ್ಯನ ಕೈಯಾಗ ಏನೈತಿ? ಯಾದಿ ಬರೆದಾಂವ ಅವನ. ನನ್ನ ಸಹಿ ಇಲ್ಲ, ಒಂದು ಸಾಕ್ಷಿ ಇಲ್ಲ."

ನಾನೂ ನಕ್ಕೆ. ಆಮೇಲೆ ಅರ್ಜಿ ನೆನಪಾಯಿತು.

ಸೋಮವಾರ, 27, ಬೆಳಿಗ್ಗೆ ಹತ್ತು

ಬ್ಲಾಟಿಂಗ್ ಪೇಪರ್ ಕನ್ನಡಿಗೆ ಹಿಡಿದೆ. ಅಯ್ಯ ಹೆಸರುಗಳನ್ನು ಮಾತ್ರ ಬಿಡಿಸಿ ಬರೆದಿದ್ದಾನೆ. ಮೀಮ್, ರೇ... ಇವರ ಹೆಸರು. ದಾಲ್, ಯೇ, ಅಲಿಫ್, ವಾವ್, ಪೇ... ದ್ಯಾವಪ್ಪ. ಮತ್ತೆ ಮತ್ತೆ ನೋಡಿದೆ. ದಾವಲ್‌ಬೀ ಎಲ್ಲೂ ಇಲ್ಲ. ಕೆಳಗೆ ನನ್ನ ಸಹಿ, ಎರಡು ಸುತ್ತು.

ಇಲ್ಲದ ಸಾಕ್ಷಿಯನ್ನು ನಾನೇ ಕೊಟ್ಟಿದ್ದೇನೆ. ಇವರ ಹೆಂಡತಿ.

ಹನ್ನೊಂದೂವರೆ

ಹೇಳಿಲ್ಲ. ಎರಡು ಸಲ ಬಾಯಿ ತೆರೆದೆ. "ಹೋಳಿಗಿ ಮಾಡು, ಇವತ್ತು ನಾ ಆರು ತಿಂತೀನಿ" ಅಂದರು. ಮಾಡಿದೆ. ಒಂದೂ ಹರಿಯಲಿಲ್ಲ.

ಅಂಗಳದಲ್ಲಿ ಬೆತ್ತದ ಸಪ್ಪಳ. "ತಾಯಿ, ಪಾದಕ್ಕ ನೀರು!" ಇವರು ಎದ್ದರು. ಅಂಗಿಯ ತೋಳು ಮಡಚುತ್ತಿದ್ದಾರೆ. ಅಯ್ಯ ಆ ಅರ್ಜಿಯನ್ನು ಇವರ ಮುಖಕ್ಕೆ ಹಿಡಿಯುವ ಮುಂಚೆ ನಾನೇ ಹೇಳಬೇಕು. "ರೀ" ಅಂದೆ. ಕೇಳಲಿಲ್ಲ. ಬಾಗಿಲ ತನಕ ಹೋದರು. ಹೆಸರು ಹಿಡಿದೇ ಕೂಗುತ್ತೇನೆ, ಯಾರಾದರೂ ಕೇಳಲಿ. ಮರಿಸ್ವಾ