ಕಾಕಾ ಅನ್ನೋ ಮಾತು

ಕಮಲಾಪುರ, ನವೆಂಬರ್ 18, ಮಂಗಳವಾರ

ಆ ಮಾತು ನನ್ನ ಬಾಯಿಂದ ಯಾಕೆ ಬಂತೋ!

ನಾನು ಕೆಲಸ ಮಾಡುವ ನಂದೂರಿನ ಬೇಳೆ ಮಿಲ್ಲಿಗೆ ಇಂದು ತಪಾಸಣೆಗೆ ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಬಂದಿದ್ದರು. ಬೇಳೆಯ ಬಣ್ಣ ನೋಡಿ ಆರಿಸುವ ಮಷಿನ್ ಮುಂದೆ ನಾನಿದ್ದೆ.

"ಈಕಿ ಕಾಯಂ ಏನ್ರೀ, ಗುತ್ತಿಗಿ?" ಎಂದು ಅವರು ಕೇಳಿದರು.

ಮಾಲೀಕ ಸಿದ್ರಾಮ ಕಾಕಾ ನಕ್ಕರು. "ಎರಡೂ ಅಲ್ರೀ ಸಾಹೇಬ್ರ, ಮನಿ ಮಗಳಿದ್ದಂಗ. ಬ್ಯಾಸರಾದ್ರ ಬಂದು ಕುಂದರತಾಳ."

ಬೇಸರವಂತೆ! ಮೂರು ವರ್ಷದಿಂದ ಆ ಮಷಿನ್ ನಡೆಸುತ್ತಿರುವವಳು ನಾನು. ಹೈದರಾಬಾದಿನ ವ್ಯಾಪಾರಿಗಳು ನಮ್ಮ ಬೇಳೆಯನ್ನೇ ಕೇಳುವುದು ನನ್ನ ಕೈಗುಣದಿಂದಲೇ ಎಂದವರೂ ಇವರೇ. ಕೆಲಸದವಳೆಂದು ಒಪ್ಪಿದರೆ ಪಿಎಫ್, ಇಎಸ್‌ಐ ಕಟ್ಟಬೇಕಲ್ಲ. ಮೊದಲ ದಿನ, "ಸೇಠ್ ಅನಬ್ಯಾಡ, ಕಾಕಾ ಅನ್ನು" ಎಂದಾಗ ಸ್ವಂತ ಚಿಕ್ಕಪ್ಪನೇ ಸಿಕ್ಕಂತೆ ಎಷ್ಟು ಹಿಗ್ಗಿದ್ದೆ ನಾನು!

ಅವರು ಹೇಳಿದ್ದು ಸುಳ್ಳು ಎನ್ನಲೇಬೇಕೆಂದು ಬಾಯಿ ತೆರೆದೆ. "ಹಂಗ್ಯಾಕ ಅಂತೀರಿ, ಕಾಕಾ?"

ಅಧಿಕಾರಿ ಪೆನ್ನು ಜೇಬಿಗಿಟ್ಟರು. "ಕಾಕಾನೇ ಅಂತಾಳಲ್ರೀ!" ಎಂದು ನಕ್ಕು ಮುಂದೆ ನಡೆದರು.

ಇಲ್ಲ ಎನ್ನಲು ಹೋಗಿ ನಾನೇ ಸಾಕ್ಷಿ ಹೇಳಿದ ಹಾಗಾಯಿತು.

ಸಂಜೆ ಬಸ್ಸಿಗೆ ಹೊರಟಾಗ ಅವರು ಏನೂ ಆಗದವರಂತೆ ಬಾಗಿಲಲ್ಲಿ ನಿಂತಿದ್ದರು. "ನಾಳಿ ಲಗೂನ ಬಾ ಮಗಳ, ಮಾಲ್ ಭಾಳ ಅದ."

ಉತ್ತರ ಕೊಡಬಾರದು ಎಂದುಕೊಂಡೇ ಹೊಸ್ತಿಲು ದಾಟಿದ್ದೆ.

"ಹೂಂ ಕಾಕಾ" ಎಂದೆ. ಮತ್ತೆ ಅದೇ. ಈ ಹಾಳು ನಾಲಿಗೆ...