ಹಿತ್ತಾಳೆ ನಟ್ಟು ಸವೆಸಿದವರು

ನನ್ನ ಲಾರೆನ್ಸಣ್ಣನಿಗೆ, ಬಶೀರ ಬರೆಯುವುದು.

ನೆನಪಿದೆಯಾ, ಮಲೇಷ್ಯಾದ ಈ ನಿಲಾಯ್‌ ಊರಿನ ನಿಮ್ಮ ಮನೆಯ ಪೋರ್ಚಿಗೆ ಮೊದಲ ಸಲ ಬಂದಾಗ ನಾನು ಕೇಳಿದ್ದು? ಕಾರು ಬಿಸಿಲಲ್ಲಿ, ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ನೆರಳಲ್ಲಿ. “ಇದರಿಂದ ಏನು ಸಿಗುತ್ತದ್ರೀ?” ಅಂದೆ. “ಎಂತದೂ ಇಲ್ಲ ಮಾರಾಯ, ಖುಷಿಗೆ” ಅಂದಿರಿ. ಹಳೇ ಹೋಟೆಲ್ ಸಾಮಾನು ಕೊಂಡು, ರಿಪೇರಿ ಮಾಡಿ, ಮಾರಿ ಮೇಲೆ ಬಂದ ಹುಬ್ಬಳ್ಳಿಯವನು ಇದನ್ನು ನಂಬಬೇಕೆ? ಏನೋ ಒಳಲಾಭ ಇದ್ದೇ ಇರುತ್ತದೆ ಎಂದು ಭಾನುವಾರ ಭಾನುವಾರ ಬಂದು ಕಾದೆ. ಕಾಯುತ್ತಲೇ ನಿಮ್ಮ ಕೈಯಿಂದ ಕೆಲಸ ಕಲಿತೆ. ಒಳಲಾಭ ಮಾತ್ರ ಇವತ್ತಿಗೂ...

ನೀವು ತೀರಿಕೊಂಡು ವರ್ಷವಾದ ಪೂಜೆ ಮುಗಿಸಿ ನಿಮ್ಮ ಮನೆಯವರು, ಜೆಸಿಂತಕ್ಕ, ಮಂಗಳೂರಿನಿಂದ ಬಂದ ವಾರ ನನಗೆ ಅವರ ಫೋನ್ ಬಂತು. “ಬಶೀರ್, ಆ ಮೆಷಿನ್ ಕೊಟ್ಟುಬಿಡುವ ಅಂತ. ಎಲ್ಲರೂ ಅದನ್ನೇ ಹೇಳ್ತಾರೆ. ಪಕ್ಕದ ಸೆಲ್ವಂ ಕೇಳ್ತಿದ್ದಾನೆ. ನೀವೇ ಮಾತಾಡಿ.” ಬಂದು ನೋಡಿದರೆ ಸೆಲ್ವಂ ಆಗಲೇ ಮೆಷಿನ್ನಿನ ಹಿಡಿ ತಿರುಗಿಸುತ್ತ ನಿಂತಿದ್ದ. “ಬಶೀರ್ ಬಾಯ್, ಫಿನಿಶ್ ಲಾ! ಕೈ ತಿರುಗುತ್ತೆ, ಟೇಬಲ್ ಮಲಗಿರುತ್ತೆ.” ನಾನೂ ತಿರುಗಿಸಿದೆ. ನಿಜ. ಅರ್ಧ ಸುತ್ತು ಬರೀ ಗಾಳಿ, ಆಮೇಲೆ ‘ಕರ್ರ್’ ಅಂತ ಸದ್ದು ಮಾಡಿ, ಲೋಹದ ತುಂಡು ಕೂರಿಸುವ ಆ ಟೇಬಲ್ ಕದಲಿತು. ನಿಮ್ಮ ಕಾಲದಲ್ಲಿ ಕೂದಲೆಳೆಯಷ್ಟೂ ಆಟ ಇರಲಿಲ್ಲವಲ್ಲ? ಒಂದು ವರ್ಷ ಯಾರೂ ಮುಟ್ಟದ ಮೆಷಿನ್ ತಾನಾಗಿ ಸವೆಯುತ್ತದೆಯೆ? ಅದೂ ಕೊಳ್ಳಬೇಕೆನ್ನುವವನೇ ಮೊದಲು ಬಂದು ಅದನ್ನು ಹಳಿಯುವುದು! ಇಂಥ ಗಿರಾಕಿಯನ್ನು ನಾನು ದಿನಾ ನೋಡುತ್ತೇನೆ ಅಣ್ಣ. ನಾನೂ ಅಂಥ ಗಿರಾಕಿಯೇ.

ಟೇಬಲ್ ಬಿಚ್ಚುವಾಗ “ಮೊದಲು ಒರೆಸು, ಆಮೇಲೆ ಬಿಚ್ಚು” ಎಂದು ನೀವು ಗದರುತ್ತಿದ್ದದ್ದು ನೆನಪಾಯಿತು. ಒರೆಸಲು ಹೋದರೆ ಬಟ್ಟೆ ಅಂಟಿಕೊಂಡಿತು. ಟೇಬಲನ್ನು ಓಡಿಸುವ ಉದ್ದನೆಯ ಸ್ಕ್ರೂ ಪೂರ್ತಿ ಬೂದುಬಣ್ಣದ ಅಂಟು. ಬೆರಳಲ್ಲಿ ಉಜ್ಜಿದರೆ ಒಳಗೆಲ್ಲ ಲೋಹದ ಪುಡಿ. ಆ ಸ್ಕ್ರೂ ಮೇಲೆ ಓಡಾಡುವ ಹಿತ್ತಾಳೆ ನಟ್ಟನ್ನು ಬೆಳಕಿಗೆ ಹಿಡಿದೆ. ಸ್ಕ್ರೂ ಕಚ್ಚುವ ಒಳಗಿನ ಥ್ರೆಡ್ ಸವೆದು ಬ್ಲೇಡಿನಂತಾಗಿತ್ತು. ಎಂಜಿನ್ ವಾಲ್ವ್ ಉಜ್ಜುವ ಪೇಸ್ಟ್ ಇರುತ್ತದಲ್ಲ, ಆ ಅಂಟು ಥೇಟ್ ಅದೇ. ಬೇಕೆಂದೇ ಬಳಿದಿದ್ದಾರೆ ಅಂದುಕೊಂಡೆ. ಅಕ್ಕ ಊರಿಗೆ ಹೋದಾಗ ಗೇಟಿನ ಕೀ ಯಾರ ಹತ್ತಿರ ಇತ್ತು? ಬೆಕ್ಕಿಗೆ ಅನ್ನ ಹಾಕುವ ನೆಪದಲ್ಲಿ ದಿನಾ ಒಳಗೆ ಬರುತ್ತಿದ್ದವನು ಯಾರು?

ಕಳ್ಳನನ್ನು ಹಿಡಿಯಬೇಕಾದರೆ ಮೊದಲು ಟೀ ಕುಡಿಸಬೇಕು ಎನ್ನುವವನು ನಾನು, ನೀವು ನಗುತ್ತಿದ್ದಿರಿ. ಸೆಲ್ವಂನನ್ನು ಟೀ, ರೊಟ್ಟಿ ಸಿಗುವ ಮಾಮಕ್ ಅಂಗಡಿಗೆ ಕರೆದುಕೊಂಡು ಹೋದೆ. ಅವನು ಎರಡನೇ ರೊಟ್ಟಿ ಮುರಿಯುವಾಗ ಸುಮ್ಮನೆ ಕೇಳಿದಂತೆ ಕೇಳಿದೆ, “ಸೆಲ್ವಂ, ಈ ವಾಲ್ವ್ ಉಜ್ಜುವ ಪೇಸ್ಟ್ ಎಲ್ಲಿ ಸಿಗುತ್ತೆ?”

“ನನ್ನ ಹತ್ರಾನೇ ಇದೆ ಬಾಯ್! ಎಷ್ಟು ಬೇಕು? ಟಪಾವ್ ಮಾಡಿಕೊಡ್ಲಾ?”

ಪಾರ್ಸೆಲ್ ಕಟ್ಟಿಕೊಡುತ್ತಾನಂತೆ! ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಇಷ್ಟು ಸಲೀಸಾಗಿ ಒಪ್ಪುವವನು ಪಕ್ಕಾ ಕಳ್ಳನೇ ಇರಬೇಕು, ಅಲ್ಲವೆ?

ಸದ್ಯಕ್ಕೆ ಹಳೇ ನಟ್ಟನ್ನೇ ಮತ್ತೆ ಕೂರಿಸಿಟ್ಟು, ಕೌಲಾಲಂಪುರದ ಅಂಗಡಿಯಿಂದ ಹೊಸ ನಟ್ಟು ತಂದೆ. ಅಂಗಡಿಯವನು “ಒರಿಜಿನಲ್, ಒರಿಜಿನಲ್” ಎಂದು ಎರಡು ಸಲ ಹೇಳಿದ್ದಕ್ಕೆ ನಾನು ಎರಡು ಸಲ ಅಳೆದೆ. ಸಂಜೆ, ಹೇಳದೆ ಕೇಳದೆ ನಿಮ್ಮ ಮನೆಗೆ ಬಂದೆ. ಗೇಟಿನ ಹತ್ತಿರವೇ ಕೇಳಿಸಿತು: ಕರ್ರ್, ಕರ್ರ್. ಸಿಕ್ಕಿಬಿದ್ದ ಮಗ ಅಂದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳಹೆಜ್ಜೆಯಲ್ಲಿ ಒಳಗೆ ಬಂದೆ.

ಸೆಲ್ವಂ ಅಲ್ಲ. ಜೆಸಿಂತಕ್ಕ. ಒಂದು ಕೈಯಲ್ಲಿ ತೆಂಗಿನೆಣ್ಣೆ ಬಾಟಲಿ, ಇನ್ನೊಂದು ಕೈಯಲ್ಲಿ ಹಿಡಿ. ಟೇಬಲನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಿಸುತ್ತಿದ್ದರು.

“ಅಕ್ಕ, ಇದಕ್ಕೆ ತೆಂಗಿನೆಣ್ಣೆಯಾ?”

“ಎಂತ ಬಶೀರ್, ದೋಸೆ ಕಾವಲಿಗೆ ಹಚ್ಚುವುದಿಲ್ವಾ? ಕಬ್ಬಿಣ ಅಲ್ವಾ ಇದು ಸಹ? ದಿನಾ ಹಚ್ತೇನೆ, ತುಕ್ಕು ಹಿಡಿಯಬಾರದು ಅಂತ.” ಆಮೇಲೆ ನನ್ನ ಕೈ ನೋಡಿ, “ಚಪ್ಪಲಿ ಯಾಕೆ ಕೈಯಲ್ಲಿ?”

ಚಪ್ಪಲಿ ಕೆಳಗಿಟ್ಟು ಟೇಬಲ್ ಅಡಿಗೆ ಬಗ್ಗಿ ನೋಡಿದೆ. ನೀವು ಕೊನೆಯ ದಿನ ಗುಡಿಸದೆ ಬಿಟ್ಟ ಪುಡಿ, ಅದರ ಮೇಲೆ ಅಕ್ಕನ ತೆಂಗಿನೆಣ್ಣೆ, ಮೇಲೊಂದು ಈ ಊರಿನ ಸೆಕೆ. ವರ್ಷವಿಡೀ ಅರೆದದ್ದು ಅವರೇ. ಆದರೆ ನನ್ನ ಅನುಮಾನಕ್ಕೆ ಹೊಟ್ಟೆ ತುಂಬಲಿಲ್ಲ. ತುಕ್ಕು ತಡೆಯಲು ಎಣ್ಣೆ ಸಾಕು; ದಿನಾ ತಿರುಗಿಸುವುದು ಯಾಕೆ?

“ಮಾರುವವರು ಇಷ್ಟು ತಿರುಗಿಸುವುದಿಲ್ಲ ಅಕ್ಕ” ಅಂದೆ.

ಅವರು ಬಾಟಲಿಯ ಮುಚ್ಚಳ ಹುಡುಕಿದರು. ಮುಚ್ಚಳ ಬಾಟಲಿಯ ಮೇಲೆಯೇ ಇತ್ತು. “ಅವರು ಇದ್ದಾಗ ಸಂಜೆ ಹೊತ್ತು ಅಡಿಗೆಮನೆಗೆ ಇದರ ಶಬ್ದ ಬರ್ತಿತ್ತು. ಈಗ ನಾನೇ ತಿರುಗಿಸಿದರೆ... ಹುಚ್ಚು ಅಂತೀರಿ. ಎಲ್ಲರೂ ಮಾರು ಅಂದರು. ಬೇಡ ಅಂತ ಹೇಗೆ ಹೇಳುವುದು?”

ಜನರ ಬಾಯಲ್ಲಿ ಒಂದು, ಮನಸ್ಸಲ್ಲಿ ಇನ್ನೊಂದು ಎನ್ನುವುದರ ಮೇಲೆಯೇ ವ್ಯಾಪಾರ ಕಟ್ಟಿದವನು ನಾನು. ಎಲ್ಲರ ಮೇಲೂ ಸಂಶಯಪಟ್ಟೆ, ‘ಕೊಟ್ಟುಬಿಡುವ’ ಎಂದ ಅಕ್ಕನನ್ನು ಮಾತ್ರ ನಂಬಿಬಿಟ್ಟಿದ್ದೆ ನೋಡಿ!

ಸೀಮೆಎಣ್ಣೆಯಲ್ಲಿ ಸ್ಕ್ರೂ ತೊಳೆದು, ಹೊಸ ನಟ್ಟು ಹಾಕಿ, ಸರಿಯಾದ ಎಣ್ಣೆ ಬಿಟ್ಟೆ. ಟೇಬಲ್ ಬೆಣ್ಣೆಯ ಹಾಗೆ ಜಾರಿತು. ಅಕ್ಕ ತಿರುಗಿಸಿ ನೋಡಿದರು, ಕಿವಿಗೊಟ್ಟರು. ಮುಖ ಬಾಡಿತು. “ಶಬ್ದವೇ ಇಲ್ಲವಲ್ಲ ಬಶೀರ್?”

“ಅದು ನಟ್ಟು ಸಾಯುವ ಶಬ್ದ ಅಕ್ಕ. ಅಣ್ಣನ ಶಬ್ದ ಬೇಕಾದರೆ ಏನನ್ನಾದರೂ ಕೊರೆಯಬೇಕು.”

ತಮಾಷೆಗೆ ಅಂದದ್ದು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಯೇಬಿಟ್ಟರು.

ಮೆಷಿನ್ ಮಾರುವುದಿಲ್ಲ ಅಂದಾಗ ಸೆಲ್ವಂ, “ಓಕೆ ಲಾ, ನಾನೇ ಇಲ್ಲಿಗೆ ಬಂದು ಕೆಲಸ ಮಾಡ್ಕೊಳ್ತೀನಿ” ಅಂದ. ಇಷ್ಟು ಬೇಗ ಒಪ್ಪಿದ್ದಾನೆ, ಒಂದು ಕಣ್ಣಿಟ್ಟಿದ್ದೇನೆ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಅಕ್ಕನ ಹೊಲಿಗೆ ಮೆಷಿನ್ನಿನ ಒಂದು ಕಾಲು ಅಲುಗುತ್ತದೆ, ಅಲ್ಯೂಮಿನಿಯಂ ಪಟ್ಟಿ ಮಾಡಿಕೊಡುತ್ತೇನೆ ಎಂದು ನೀವು ಎಷ್ಟು ವರ್ಷ ಹೇಳಿದಿರಂತೆ? ಕಳೆದ ಭಾನುವಾರ ಅಕ್ಕ ತಾವೇ ಮಾಡಿದರು. ಕನ್ನಡಕ ಹಾಕಿ, ಉಸಿರು ಬಿಗಿಹಿಡಿದು, ಸ್ವಲ್ಪ ಸ್ವಲ್ಪವೇ ಕೊರೆದರು. ಒಂದು ಅಂಚು ಓರೆ. ಸೆಲ್ವಂ “ಆಂಟಿ, ನಾನು ಸರಿ ಮಾಡ್ತೀನಿ” ಎಂದು ಕೈ ಚಾಚಿದ.

“ಕೈ ತೆಗಿ ಮಾರಾಯ” ಅಂದರು ಅಕ್ಕ, “ಇನ್ನೊಂದು ತುಂಡು ಕೊಡು.”